ಪೈಲಟಿನ ತಲೆ

ಹೆಲ್ಮೆಟ್ಟಿನೊಳಗೆ ಕತ್ತಲೆ, ಗಾಜಿನ ಬಣ್ಣವೇ ಕಪ್ಪಲ್ಲವೇ, ಅದಕ್ಕಿರಬೇಕು, ಹನಾ ಆ ಪುಟ್ಟ ಗಾಜನ್ನು ಉಗುರ ತುದಿಯಿಂದ ಮೇಲೆತ್ತಲು ನೋಡುತ್ತಿದ್ದಾಳೆ, ಮೊಬೈಲಿನ ಪರದೆಯಲ್ಲಿ ಅವಳ ಹೆಬ್ಬೆರಳು ಗೊಂಬೆಗಿಂತ ದೊಡ್ಡದು, ಉಗುರಿನಲ್ಲಿ ಪೆರ್ನಾಲ್ ಹಬ್ಬಕ್ಕೆ ಹಚ್ಚಿದ ಮದರಂಗಿ ಅರ್ಧ ಮಾಸಿದೆ, ಅಲ್ಲಾಡಬಾರದು — ರಾಫಿಯಾ ಎರಡೂ ಮೊಣಕೈಗಳನ್ನು ಊಟದ ಮೇಜಿಗೆ ಊರಿ ಮೊಬೈಲು ಹಿಡಿದಿದ್ದಾಳೆ, ಜೋರಾಗಿ ಉಸಿರು ಬಿಟ್ಟರೂ ವಿಡಿಯೋದಲ್ಲಿ ಗಾಳಿ ಬೀಸಿದಂತೆ ಕೇಳುತ್ತದೆ, ಹೋದ ವಾರ ಕುಕ್ಕರಿನ ಸೀಟಿ ನಡುವೆ ನುಗ್ಗಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಿತ್ತು, ಅದಕ್ಕೇ ಇವತ್ತು ಸಂಜೆಯ ಗಂಜಿಯನ್ನು ಮೊದಲೇ ಇಳಿಸಿ, ಮಿಕ್ಸಿಯ ಪ್ಲಗ್ಗು ಕಿತ್ತು, ಮೂಸಾನನ್ನು ಚಾಪೆಯ ಮೇಲೆ ದಿಂಬುಗಳ ಕೋಟೆಯೊಳಗೆ ಕೂರಿಸಿ ಬಂದಿದ್ದಾಳೆ. ಹನಾ ಹೇಳುತ್ತಿದ್ದಾಳೆ, ಕ್ಯಾಮೆರಾದ ಎದುರು ಅವಳದು ಪಾಠ ಓದುವ ಕನ್ನಡ, ಮನೆಯ ಬ್ಯಾರಿ ಮಾತಿನ ಚೂರೂ ಇಲ್ಲ, ವೀಕ್ಷಕರೇ, ಈ ಅಂತರಿಕ್ಷ ನೌಕೆಯ ಸೆಟ್ಟಿನಲ್ಲಿ ಒಟ್ಟು ಆರು ಗೊಂಬೆಗಳಿವೆ, ಐದನ್ನು ನೋಡಿ ಆಯಿತು, ಕಪ್ತಾನನ ತೋಳಿನ ಮೇಲೆ ಚಿತ್ರ ಉಂಟು ಆದರೆ ಕಾಲು ಬರೀ ನೀಲಿ, ಅದು ಕಂಪೆನಿಯವರ ಜಿಪುಣತನ, ಮೆಕ್ಯಾನಿಕ್ಕಿನ ಕೈಯ ಸ್ಪ್ಯಾನರ್ ಹಳೇ ಸೆಟ್ಟಿನದ್ದೇ, ಡಾಕ್ಟರಿನ ಕೂದಲು ತುಂಬಾ ಚಂದ, ಮೂರು ಕಣ್ಣಿನ ಹಸಿರು ಜೀವಿಗೆ ಹತ್ತರಲ್ಲಿ ಒಂಬತ್ತು, ರೋಬೋಟಿನ ಕುತ್ತಿಗೆ ಸಡಿಲ, ಕೊನೆಗೆ ನನ್ನ ಇಷ್ಟದ ಪೈಲಟ್, ಇವಳಿಗೆ ಎರಡು ಮುಖ ಉಂಟು ವೀಕ್ಷಕರೇ, ಎದುರಿಗೆ ನಗುವ ಮುಖ, ತಲೆ ತಿರುಗಿಸಿದರೆ ಬಾಯಿ ತೆರೆದು ಹೆದರಿದ ಮುಖ, ನೌಕೆ ಸರಿಯಾಗಿ ಹೋಗುವಾಗ ಒಂದು, ದಾರಿ ತಪ್ಪುವಾಗ ಒಂದು — ವೀಕ್ಷಕರೆಂದರೆ ಯಾರು, ಕಡಲಾಚೆ ಜುಬೈಲಿನಲ್ಲಿ ದುಡಿಯುವ ಅವಳ ಉಪ್ಪ, ರಾಫಿಯಾಳ ಗಂಡ ಅಸ್ಕರ್, ಅವರ ರೂಮಿನವರು, ಕ್ಲಾಸಿನ ನಾಲ್ಕೈದು ಮಕ್ಕಳು, ಆದರೂ ಹುಡುಗಿ ಊರಿಗೆಲ್ಲ ಹೇಳುವ ಹಾಗೆ ಹೇಳುತ್ತಾಳೆ, ಹೇಳಲಿ, ಕ್ಲಾಸಿನಲ್ಲಿ ಎದ್ದು ನಿಂತರೆ ಬಾಯಿ ಬಿಡದವಳು ಇಲ್ಲಿಯಾದರೂ ಹೇಳಲಿ — ಟಕ್ಕೆಂದು ಗಾಜು ಮೇಲೆ ಹೋಯಿತು. ಕತ್ತಲೆ. ಗಾಜಿನದಲ್ಲ. ಒಳಗೆ ಏನೂ ಇಲ್ಲ, ಕುತ್ತಿಗೆಯ ಜಾಗದಲ್ಲಿ ಒಂದು ಗುಬುಟು ಮಾತ್ರ, ಅದರ ಮೇಲೆ ಹೆಲ್ಮೆಟ್ಟು ಬುಟ್ಟಿ ಕವುಚಿದ ಹಾಗೆ ಕೂತಿದೆ, ಹನಾ ಇನ್ನೂ ತನ್ನ ವೀಕ್ಷಕರಿಗೇ ನಗುತ್ತಿದ್ದಾಳೆ, ನೋಡಿಲ್ಲ, ನೋಡಿದ್ದು ರಾಫಿಯಾ ಮಾತ್ರ, ಆಗಲೇ ಬೆನ್ನ ಹಿಂದೆ ಚಾಪೆಯ ಮೇಲೆ ಮೂಸಾ ಒಂದು ಸಲ ಕೆಮ್ಮಿದ.

ಒಂದೇ ಕೆಮ್ಮು. ಮೊನ್ನೆಯಿಂದ ಮಗುವಿಗೆ ಶೀತ, ಕೆಮ್ಮು ಹೊಸತಲ್ಲ, ಗೊಂಬೆಗೆ ತಲೆ ಇಲ್ಲದಿರುವುದೂ ಈ ಮನೆಯಲ್ಲಿ ಹೊಸತಲ್ಲ, ಆದರೆ ಎರಡೂ ಅಕ್ಕಪಕ್ಕ ಬಂದು ನಿಂತ ಕೂಡಲೇ ಅವಳು ಚಾಪೆಯ ಕಡೆ ತಿರುಗಿದಳು. ತಲೆ ತೆಗೆಯುವುದು ಮಾಮಿಯ ಕ್ರಮ, ಅತ್ತೆ ಮೈಮೂನಮ್ಮನದು, ಅಸ್ಕರಿನ ರೂಮಿನ ಝುಬೈರ್ ರಜೆಗೆ ಬರುವಾಗ ಅಸ್ಕರ್ ಕೊಟ್ಟು ಕಳಿಸಿದ ಪೆಟ್ಟಿಗೆಯನ್ನು ಬಿಚ್ಚಿದ ದಿನ ಮಾಮಿ ಆಪರೇಷನ್ ಆದ ಒಂದು ಕಣ್ಣಿನ ಹತ್ತಿರ ಗೊಂಬೆ ಹಿಡಿದು ನೋಡಿದವರು, ಇಷ್ಟು ಮುಖಗಳನ್ನು ನಮಾಜು ಮಾಡುವ ಕೋಣೆಯಲ್ಲಿ ಇಟ್ಟರೆ ಮಲಕುಗಳು, ದೇವದೂತರು, ಒಳಗೆ ಬರುವುದು ಹೇಗೆ ಮಗಳೇ ಅಂದಿದ್ದರು, ಬೇರೆ ಕೋಣೆ ಎಲ್ಲುಂಟು, ಹನಾ ಬಿಕ್ಕಿ ಬಿಕ್ಕಿ ಅತ್ತಳು, ಅನ್ನ ಮುಟ್ಟಲಿಲ್ಲ, ಮರುದಿನ ಮಾಮಿಯೇ ದಾರಿ ಕಂಡುಕೊಂಡರು, ತಲೆ ಇಲ್ಲದ್ದು ರೂಪ ಅಲ್ಲ, ಮಗ್ರಿಬಿಗೆ ಮೊದಲು ತಲೆ ತೆಗೆದಿಡುವ, ರಾತ್ರಿ ಇಶಾ ನಮಾಜಾದ ಮೇಲೆ ಹಾಕುವ, ಆಗದಾ, ಅಂದಿನಿಂದ ಸೂರ್ಯ ಮುಳುಗುವ ಹೊತ್ತಿಗೆ ಅಜ್ಜಿ ಮೊಮ್ಮಗಳು ಚಾಪೆಯಲ್ಲಿ ಕೂತು ಟಿಕ್ ಟಿಕ್ ಎಂದು ತಲೆ ಕೀಳುವುದು, ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಡುವುದು, ಇದು ಮಿಷನ್ ಉಮ್ಮಾಮ, ರೋಬೋಟ್, ಇದಕ್ಕೆ ಜೀವ ಇಲ್ಲ, ಕಣ್ಣುಂಟಲ್ಲ ಮಗಾ, ಕಣ್ಣಿದ್ದದ್ದು ನೋಡ್ತದೆ, ತೆಗಿ, ಈ ಮೂರು ಕಣ್ಣಿಂದು ಎಂತ, ಜಿನ್ನಾ, ಅಲ್ಲ ಉಮ್ಮಾಮ ಬೇರೆ ಗ್ರಹದವ, ಯಾವ ಗ್ರಹದವ ಆದ್ರೂ ಮಗ್ರಿಬಿಗೆ ತಲೆ ತೆಗಿಲಿಕ್ಕುಂಟು — ಅಡಿಗೆಮನೆಯಲ್ಲಿ ರಾಫಿಯಾ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡದ್ದು, ಮಾಮಿ ತನ್ನ ಮೊಮ್ಮಗಳಿಗೋಸ್ಕರ ಎಷ್ಟು ದೂರ ನಡೆದು ಬಂದರು ಅನಿಸಿ ಕಣ್ಣು ಒದ್ದೆಯಾದದ್ದೂ ಅದೇ ಹೊತ್ತಿನಲ್ಲಿ. ನಿನ್ನೆ ಕರೆಂಟು ಹೋಯಿತು. ತಲೆ ತೆಗೆದು ಮುಚ್ಚಳಕ್ಕೆ ಹಾಕಿ ಆಗಿತ್ತು, ನಮಾಜೂ ಆಗಿತ್ತು, ಕತ್ತಲೆಯಲ್ಲಿ ಮಾಮಿಯ ಜಪದ ತಸ್ಬಿ ಹರಿದು ಮಣಿಗಳೆಲ್ಲ ನೆಲದ ಮೇಲೆ ಪುಟಿದು ಓಡಿದ ಸದ್ದು, ಹನಾ ಮೊಬೈಲಿನ ಬೆಳಕಿನಲ್ಲಿ ಮಂಚದಡಿ ತೂರಿ ಹೆಕ್ಕಿ ಅದೇ ಮುಚ್ಚಳಕ್ಕೆ ಹಾಕಿದಳು, ಹೆಕ್ಕಿ ಹೆಕ್ಕಿ ಅಲ್ಲಿಯೇ ನಿದ್ದೆ ಹೋದಳು, ಬೆಳಿಗ್ಗೆ ಸುಬಹಿ ನಮಾಜಾದ ಮೇಲೆ ಮಾಮಿ ಕೂತು ಅದನ್ನು ಪೋಣಿಸಿದರು, ಬೀಡಿ ಕಟ್ಟುವ ಕೆಂಪು ನೂಲನ್ನು ನಾಲ್ಕೆಳೆ ಹೊಸೆದು, ಗೊಂಬೆಗಳಿಗೆ ತಲೆ ಹಾಕಿದ್ದೂ ಅವರೇ ಇರಬೇಕು, ಹನಾ ಆಗ ಎದ್ದಿರಲಿಲ್ಲ. ಮತ್ತೆ ಆ ಮುಚ್ಚಳ. ನೀರ್‌ದೋಸೆಗೆ ಹಿಟ್ಟು ಹೊಯ್ಯುತ್ತಾ ತಿರುಗಿ ನೋಡಿದಾಗ ಮೂಸಾ ಆ ಮುಚ್ಚಳ ಹಿಡಿದು ನೆಕ್ಕುತ್ತಿದ್ದ, ಎಂಜಲಿನಿಂದ ಅದು ಮಿರಮಿರ ಹೊಳೆಯುತ್ತಿತ್ತು, ಅವಳು ಕಿತ್ತುಕೊಂಡು ಕಪಾಟಿನ ಮೇಲಿಟ್ಟಳು, ಮುಚ್ಚಳ ಖಾಲಿಯಿತ್ತು, ಖಾಲಿಯಿತ್ತೇ, ಅವನು ಖಾಲಿ ಮಾಡಿದ್ದೇ.

ಹನಾ, ತಲೆ ಎಲ್ಲಿ. ಯಾವ ತಲೆ ಉಮ್ಮಾ, ವಿಡಿಯೋ ಹಾಳಾಯ್ತಲ್ಲ, ನಡುವಿನಲ್ಲಿ ಯಾಕೆ ಮಾತಾಡಿದ್ದು. ಪೈಲಟಿನ ತಲೆ. ಅಷ್ಟರಲ್ಲಿ ಅವಳ ಬೆರಳು ಮಗುವಿನ ಬಾಯಿಯೊಳಗೆ, ಒದ್ದೆ ಒಸಡು, ಎದ್ದು ಬರುತ್ತಿರುವ ಹಲ್ಲು, ನಾಲಿಗೆಯ ಅಡಿ, ಕೆನ್ನೆಯ ಒಳಗು, ಅವನು ಕಚ್ಚಿದ, ಕಚ್ಚಲಿ, ಕಚ್ಚುವ ಶಕ್ತಿ ಉಂಟಲ್ಲ, ಬಾಯಿಯಲ್ಲಿ ಏನೂ ಇಲ್ಲ, ಹಾಲಿನ ವಾಸನೆ ಮಾತ್ರ, ಎದೆಗೆ ಕಿವಿ ಇಟ್ಟಳು, ಎದೆಯಲ್ಲಿ ಪುಟ್ಟ ಕುದುರೆ ಓಡುವ ಸದ್ದು, ಅದರ ಹಿಂದೆ ಎಲ್ಲೋ ಸಣ್ಣ ಸೀಟಿ, ಕುಂಯ್, ಮತ್ತೆ ಕುಂಯ್, ಶೀತದ್ದೇ ಇರಬಹುದು, ಬೆಳಿಗ್ಗೆಯೂ ಇತ್ತೇ, ಬೆಳಿಗ್ಗೆ ಕಿವಿಯಿಟ್ಟು ಕೇಳಿದವರು ಯಾರು. ಮಂಚದಡಿ, ಫ್ರಿಜ್ಜಿನಡಿ, ದಿಂಬಿನ ಚೀಲದೊಳಗೆ, ಕಸದ ಮೊರದಲ್ಲಿ, ಬಚ್ಚಲಿನ ಜಾಲರಿಯಲ್ಲಿ, ಹನಾ ಈಗ ಅಳುತ್ತಾ ಹುಡುಕುತ್ತಿದ್ದಾಳೆ, ನಾನು ಮುಚ್ಚಳದಲ್ಲೇ ಇಟ್ಟದ್ದು ಉಮ್ಮಾ, ಎಲ್ಲಾ ಇತ್ತು, ಸತ್ಯವಾಗಿಯೂ ಇತ್ತು. ಮಾಮಿ ಒಳಕೋಣೆಯಿಂದ ಅಸರ್ ನಮಾಜು ಮುಗಿಸಿ ಗೋಡೆ ಹಿಡಿದು ಬಂದರು, ತಸ್ಬಿ ಹಿಡಿದ ಕೈ ತಲೆವಸ್ತ್ರದೊಳಗೆ, ತುಟಿ ಅಲ್ಲಾಡುತ್ತಲೇ ಇತ್ತು, ಎಂತ ಹುಡುಕುವುದು, ನನ್ನ ಲೆಕ್ಕವನ್ನೂ ತಪ್ಪಿಸಿದಿರಿ, ಬೆಳಿಗ್ಗೆಯಿಂದ ಹೀಗೇ, ಮೂವತ್ತಮೂರಕ್ಕೆ ಕುಚ್ಚು ಕೈಗೆ ಸಿಗಬೇಕು, ಸಿಗುದಿಲ್ಲ, ಒಂದು ಹೆಚ್ಚಾಗ್ತದೆ, ಶೈತಾನ್ ನಡುವೆ ಕೂತು ಎಣಿಕೆ ತಪ್ಪಿಸ್ತಾನೆ ಕಾಣ್ತದೆ. ಮಾಮೀ, ಪೈಲಟಿಗೆ ತಲೆ ಹಾಕಿದ್ದಿರಾ. ಯಾವುದು, ಟೊಪ್ಪಿಯದ್ದಾ, ಎಲ್ಲದಕ್ಕೂ ಹಾಕಿದ್ದೇನೆ, ಟೊಪ್ಪಿ ಇದ್ದದ್ದಕ್ಕೆ ಒಳಗೆ ಉಂಟು ಅಂತ ಗ್ರಹಿಸಿದೆ, ಯಾಕೆ. ಮೂಸಾನ ಬೆನ್ನಿನ ಮೇಲಿದ್ದ ರಾಫಿಯಾಳ ಅಂಗೈಯನ್ನು ಮಾಮಿ ನೋಡಿದರು, ನೋಡಿದ ಮೇಲೆ ಅವರ ತುಟಿ ಅಲ್ಲಾಡುವುದು ನಿಂತಿತು, ಆಮೇಲೆ ಮೊದಲಿಗಿಂತ ಬೇಗ ಬೇಗ ಅಲ್ಲಾಡತೊಡಗಿತು. ಮಣಿಯನ್ನೇನಾದರೂ ನುಂಗಿದ್ದರೆ ಎಂದೂ ಒಮ್ಮೆ ಹೊಳೆಯಿತು, ನಿನ್ನೆ ಅಷ್ಟೊಂದು ಚೆಲ್ಲಿತ್ತಲ್ಲ, ಆದರೆ ಮಣಿ ಕಡಿಮೆಯಾಗಿಲ್ಲ, ಹೆಚ್ಚಾಗಿದೆಯಂತೆ, ಮುದುಕಿಯ ಎಣಿಕೆ, ಹೆಚ್ಚಾದದ್ದರಿಂದ ಯಾರ ಗಂಟಲಿಗೂ ತೊಂದರೆ ಇಲ್ಲ, ಕಡಿಮೆಯಾದದ್ದು ಎಲ್ಲಿ ಹೋಯಿತು ಎಂಬುದೊಂದೇ ಪ್ರಶ್ನೆ. ಕಪ್ತಾನನ ತಲೆಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು, ಡಾಕ್ಟ್ರು ಎಷ್ಟು ದೊಡ್ಡದು ಎಂದು ಕೇಳಿಯೇ ಕೇಳುತ್ತಾರೆ, ತೋರಿಸಲಿಕ್ಕೆ ಬೇಕು, ಬುರ್ಖಾದ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಯಿತು, ಆಗಲಿ, ಚಿದಾನಂದನಿಗೆ ಫೋನು ಮಾಡು ಹನಾ, ರಿಕ್ಷಾ ಬಾಗಿಲಿಗೇ ಬರಲಿ, ಹೋಗುವ ಮಾಮೀ, ನೀವೂ ಬನ್ನಿ, ಬೇಗ.

ಎಂತಾಯ್ತು ಅಕ್ಕಾ, ಚಿದಾನಂದ ಕನ್ನಡಿಯಲ್ಲಿ ಕೇಳುತ್ತಾನೆ, ಮಗು ತಲೆ ನುಂಗಿದ್ದಾನೆ ಎಂದು ಹನಾ ಹೇಳಿದಳು, ಯಾರ ತಲೆ, ಪೈಲಟಿಂದು, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ರಿಕ್ಷಾ ಒಮ್ಮೆ ಮುಗ್ಗರಿಸಿತು, ಗೊಂಬೆಯದ್ದು ಮಾರಾಯ, ನೀನು ಬಿಡು, ಎಂದು ಮಾಮಿ ಗದರಿದರು. ಮೆಲ್ಕಾರಿನ ಜಂಕ್ಷನ್ನಿನಲ್ಲಿ ಕಾಲೇಜು ಬಿಟ್ಟ ಹೊತ್ತು, ಬಸ್ಸಿಗೆ ಕಾಯುವವರು ರಸ್ತೆಯ ಮೇಲೇ ನಿಂತಿದ್ದಾರೆ, ಅಗೆದು ಹಾಕಿದ ಹೆದ್ದಾರಿಯ ಧೂಳು, ಧೂಳಿಗೆ ಮಗು ಕೆಮ್ಮಬಾರದು, ಕೆಮ್ಮಿದರೆ ಒಳಗಿದ್ದದ್ದು ಜಾರಿ ಅಡ್ಡ ನಿಲ್ಲುತ್ತದೆ, ಅಲ್ಲ, ಕೆಮ್ಮಲಿ, ಕೆಮ್ಮಿದರೆ ಹೊರಗೆ ಬಂದೀತು, ಯಾವುದನ್ನು ಬೇಡಿಕೊಳ್ಳಬೇಕು ಎಂದು ಗೊತ್ತಾಗದೆ ಅವಳು ಅವನ ಮುಖಕ್ಕೆ ಬುರ್ಖಾದ ತೋಳು ಮುಚ್ಚಿದಳು, ತೋಳಿನೊಳಗಿನಿಂದ ಕುಂಯ್. ಹಿಂದೊಮ್ಮೆ ಬೆಳುವಾಯಿಯ ತವರಿನಲ್ಲಿ ಪುಟ್ಟ ತಮ್ಮ ಉನೈಸ್ ಹುಣಸೆ ಬೀಜವನ್ನು ಮೂಗಿಗೆ ತುರುಕಿಕೊಂಡು ಯಾರಿಗೂ ಹೇಳಿರಲಿಲ್ಲ, ಬೀಜ ಒಳಗೇ ಉಬ್ಬಿ ಮೂಗು ಬದನೆಯಾಯಿತು, ಪಕ್ಕದ ಧರ್ಣಪ್ಪಣ್ಣ ಅವನನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ ಮೂಡಬಿದಿರೆಗೆ ಹಾರಿಸಿಕೊಂಡು ಹೋಗಿ ತೆಗೆಸಿ ತಂದು, ಇನ್ನೆರಡು ದಿನ ಬಿಟ್ಟಿದ್ರೆ ಮರ ಆಗ್ತಿತ್ತು, ನಾವೆಲ್ಲ ನೆರಳಿಗೆ ಕೂರಬಹುದಿತ್ತು ಅಂದಿದ್ದರು, ಎಲ್ಲರೂ ನಕ್ಕರು, ಉಮ್ಮ ಮಾತ್ರ ನಗಲಿಲ್ಲ, ಉಮ್ಮ ಆ ಬೀಜವನ್ನು ಕಾಗದದಲ್ಲಿ ಕಟ್ಟಿ ಬಹಳ ದಿನ ಇಟ್ಟುಕೊಂಡಿದ್ದರು, ಯಾಕೆಂದು ಆಗ ತಿಳಿದಿರಲಿಲ್ಲ, ಕೈಯಲ್ಲಿ ಹಿಡಿಯಬಹುದಾದ ಹೆದರಿಕೆ ಅದು, ಹೊರಗೆ ಬಂದ ಹೆದರಿಕೆ, ಅವಳ ಮುಷ್ಟಿಯಲ್ಲಿರುವುದು ಕಪ್ತಾನನದು, ಬೇಕಾದ್ದು ಅದಲ್ಲ. ಹೆಬ್ಬೆರಳು ತಾನಾಗಿ ತಲೆಯ ನೆತ್ತಿಯ ಗುಬುಟನ್ನು ಸವರುತ್ತಿದೆ, ನೆತ್ತಿಯಲ್ಲಿ ತೂತು, ಹನಾ ಮೊದಲನೆಯ ವಿಡಿಯೋದಲ್ಲಿ ಹೇಳಿದ್ದಳು, ವೀಕ್ಷಕರೇ ಈ ತೂತು ಯಾಕೆ ಗೊತ್ತುಂಟಾ, ಸಣ್ಣ ಮಕ್ಕಳು ನುಂಗಿ ಗಂಟಲಲ್ಲಿ ಸಿಕ್ಕಿದರೂ ಉಸಿರು ಆಡಲಿ ಅಂತ — ಆಗ ಅವಳು ಮೊಬೈಲು ಹಿಡಿದು ಆಲಿಸುತ್ತಾ, ಎಂಥ ಬುದ್ಧಿವಂತರು ಎಂದುಕೊಂಡಿದ್ದಳು, ಪಾಣೆಮಂಗಳೂರಿನ ಸೇತುವೆಯ ಮೇಲೆ ಗಾಳಿ ರಿಕ್ಷಾದೊಳಗೆ ನುಗ್ಗಿತು, ಕೆಳಗೆ ನೇತ್ರಾವತಿ ಬಂಡೆ ಕಾಣುವಷ್ಟು ಇಳಿದಿದೆ, ಇಷ್ಟು ಗಾಳಿ ಇಲ್ಲಿ, ಇಷ್ಟು ಗಾಳಿಯಲ್ಲಿ ಆ ತೂತಿನೊಳಗೆ ಎಷ್ಟು ಹೋದೀತು, ಒಂದು ಬೀಡಿ ನೂಲು ಹೋಗುವಷ್ಟು.

ಬಿ.ಸಿ. ರೋಡಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟ್ರು ತೃಷಾ ಎಂಬವರು, ಸಣ್ಣ ಪ್ರಾಯ, ಕುತ್ತಿಗೆಗೆ ತೂಗಿದ ಸ್ಟೆತಸ್ಕೋಪಿಗೆ ಒಂದು ಬಟ್ಟೆಯ ಮಂಗ ಅಂಟಿಸಿಕೊಂಡಿದ್ದಾರೆ, ನುಂಗುವುದನ್ನು ಯಾರಾದ್ರೂ ನೋಡಿದ್ದೀರಾ, ಇಲ್ಲ, ಯಾವಾಗ, ಬೆಳಿಗ್ಗೆಯೋ ನಿನ್ನೆಯೋ, ಎಂಥದ್ದು, ಮತ್ತೆ ರಾಫಿಯಾ ಹೇಳತೊಡಗಿದಳು, ಹಳದಿ, ಸಣ್ಣ ಡ್ರಮ್ಮಿನ ಆಕಾರ, ಮೇಲೆ ಗುಬುಟು, ಕೆಳಗೆ ಪೊಳ್ಳು, ಎರಡು ಮುಖ, ಹಿಂದಿನ ಮುಖದಲ್ಲಿ ಹಣೆಯ ಬೆವರು ಸಮೇತ ಉಂಟು, ಮುದ್ರಣ ಒಳ್ಳೆದುಂಟು, ಬಣ್ಣ ಹೋಗುವುದಿಲ್ಲ — ಯಾಕೆ ಇದನ್ನೆಲ್ಲ ಹೇಳುತ್ತಿದ್ದೇನೆ, ಹನಾಳ ವಿಡಿಯೋಕ್ಕೆ ತಾನೇ ಬರೆದುಕೊಟ್ಟ ಸಾಲುಗಳು ಬಾಯಿಂದ ಉದುರುತ್ತಿವೆ — ಮುಷ್ಟಿ ಬಿಚ್ಚಿದಳು, ಕಪ್ತಾನ ಬೆವರಿನಲ್ಲಿ ಅಂಟಿಕೊಂಡಿದ್ದ. ಡಾಕ್ಟ್ರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅದಕ್ಕೆ ತೂತುಂಟು ಮೇಡಂ, ಉಸಿರಾಡ್ಲಿಕ್ಕೆ, ಹನಾ ಹೇಳಿದಳು, ಶಾಲೆಯಲ್ಲಿ ಬಾಯಿ ಬಿಡದವಳು. ಒಳ್ಳೆದು ಮಾಡಿದ್ದಾರೆ, ಆದ್ರೆ ಕಫ ಬಂದ್ರೆ ಅಷ್ಟು ಸಣ್ಣ ತೂತು ಮುಚ್ಚಿಹೋಗ್ತದೆ ಪುಟ್ಟಾ, ಎನ್ನುತ್ತಾ ಡಾಕ್ಟ್ರು ಮೂಸಾನ ಬೆನ್ನಿಗೆ ಕೊಳವೆಯಿಟ್ಟರು, ಎಡಕ್ಕೆ, ಬಲಕ್ಕೆ, ಮತ್ತೆ ಬಲಕ್ಕೆ, ಮೂರನೆಯ ಸಲವೂ ಬಲಕ್ಕೇ ಯಾಕೆ ಹೋದರು, ಅವರ ಮುಖವನ್ನೇ ನೋಡುತ್ತಿದ್ದಳು ರಾಫಿಯಾ, ಆ ಮುಖ ತಿರುಗಬಾರದು, ನಗುವ ಕಡೆಯೇ ಎದುರಿಗಿರಲಿ. ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಬಾಚಣಿಗೆ ಹಲ್ಲಿನಂಥ ಪುಟ್ಟ ಪಕ್ಕೆಲುಬುಗಳು, ನಡುವೆ ಕತ್ತಲೆ, ಇಲ್ಲ ಅಲ್ವಾ ಮೇಡಂ, ಏನೂ ಇಲ್ಲ ಅಲ್ವಾ ಎಂದು ಅವಳು ಹತ್ತಿರ ಹೋದಳು, ಹಾಗೆ ಹೇಳ್ಲಿಕ್ಕಾಗುದಿಲ್ಲ ಅಮ್ಮ, ಇದರಲ್ಲಿ ಎಲುಬು ಕಾಣ್ತದೆ, ನಾಣ್ಯ ನುಂಗಿದ್ರೆ ಕಾಣ್ತದೆ, ಪ್ಲಾಸ್ಟಿಕ್ ಕಾಣುದಿಲ್ಲ, ಇದ್ರೂ ಹೀಗೇ, ಇಲ್ಲದಿದ್ರೂ ಹೀಗೇ, ಹೊಟ್ಟೆಗೆ ಹೋಗಿದ್ರೆ ತೊಂದ್ರೆ ಇಲ್ಲ, ಎರಡು ದಿನದಲ್ಲಿ ಹೊರಗೆ ಬರ್ತದೆ, ಆದ್ರೆ ಬಲಗಡೆ ಸೀಟಿಯ ಸದ್ದುಂಟು, ಶೀತದ್ದೂ ಆಗಬಹುದು, ಅದನ್ನು ನಂಬಿ ಕೂರುವುದು ಬೇಡ, ಮಂಗಳೂರಿಗೆ ಕಳಿಸ್ತೇನೆ, ಅಲ್ಲಿ ಮಗುವಿಗೆ ಮದ್ದು ಕೊಟ್ಟು ಮಲಗಿಸಿ ಸಣ್ಣ ಕೊಳವೆ ಇಳಿಸಿ ಶ್ವಾಸನಾಳ ನೋಡ್ತಾರೆ, ಅಲ್ಲಿವರೆಗೆ ಬಾಯಿಗೆ ಏನೂ ಕೊಡ್ಬೇಡಿ, ಹಾಲು ಸಮೇತ ಕೊಡ್ಬೇಡಿ. ಸಣ್ಣ ಕೊಳವೆ. ಅವಳ ಕಿರುಬೆರಳು ಮಗುವಿನ ಮೂಗಿನ ಹೊಳ್ಳೆಯ ಪಕ್ಕದಲ್ಲಿತ್ತು, ಹೊಳ್ಳೆ ಕಿರುಬೆರಳ ಉಗುರಿನಷ್ಟೂ ಇಲ್ಲ, ಮಲಗಿಸಿ ಎಂದರೆ, ಏಳುತ್ತಾನಲ್ಲ ಎಂದು ಕೇಳಬೇಕು, ಒಂದು ತಲೆ ಕಾಣದಿದ್ದದ್ದಕ್ಕೆ ಇಷ್ಟೆಲ್ಲ, ಒಂದು ತಲೆ ಅಲ್ಲಿ ಇದ್ದರೆ ಇದೂ ಕಡಿಮೆ.

ಹಾಲಿನ ಹೊತ್ತು ಮಗುವಿಗೆ ಗೊತ್ತು, ಗಡಿಯಾರ ಬೇಡ, ಬುರ್ಖಾದ ಎದೆಯನ್ನು ಹಿಡಿದೆಳೆಯುತ್ತಾನೆ, ಮೂತಿಯಿಂದ ಒತ್ತುತ್ತಾನೆ, ಅವಳು ತಿರುಗಿಸಿ ಹೆಗಲಿಗೆ ಹಾಕಿಕೊಂಡರೆ ಅಲ್ಲಿಂದಲೂ ಜಾರಿ ಕೆಳಗಿಳಿಯುತ್ತಾನೆ, ಇಲ್ಲ ಕಂದಾ, ಈಗ ಬೇಡ, ಎದೆ ಕಲ್ಲಾಗಿದೆ, ಒಳಗಿನ ಬಟ್ಟೆ ಒದ್ದೆ, ಕಲ್ಲಿನಿಂದ ಹಾಲು ತಾನಾಗಿ ಇಳಿಯುತ್ತಿದೆ, ಕೊಡಬಾರದೆಂದು ಮೈಗೆ ಯಾರು ಹೇಳುವುದು, ಅವನ ಅಳು ಏರುತ್ತದೆ, ಏರಿ ತುದಿಯಲ್ಲಿ ಸೀಟಿಯಾಗುತ್ತದೆ, ಆ ಸೀಟಿಗೇ ಅವಳ ಮೈಯೆಲ್ಲ ಕಿವಿ. ಅಷ್ಟರಲ್ಲಿ ಮೊಬೈಲು, ಅಸ್ಕರ್, ವಿಡಿಯೋ ಕಾಲ್, ಚಾಕ್ಕೆ ರೂಮಿಗೆ ಬರುವ ಹೊತ್ತು, ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ, ಮಗುವನ್ನು ಹನಾಳ ಕೈಗಿತ್ತು ಬರೀ ಗೋಡೆ ಕಾಣುವ ಮೂಲೆಗೆ ಹೋಗಿ ಎತ್ತಿದಳು, ತಲೆ ತಿರುಗಿಸಿದ ಹಾಗೆ ಮುಖ ಬದಲಾಯಿತು, ಟಿಕ್. ಎಂತ ರಾಫಿಯಾ, ಇವತ್ತಿನ 'ವೀಕ್ಷಕರೇ' ಇನ್ನೂ ಬರ್ಲಿಲ್ಲ, ನಮ್ಮ ರೂಮಿನ ಸುಲೈಮಾನ್ ಮಧ್ಯಾಹ್ನದಿಂದ ಕೇಳ್ತಿದ್ದಾನೆ ಪೈಲಟಿಗೆ ಎಷ್ಟು ಮಾರ್ಕು ಅಂತ, ಹತ್ತಕ್ಕೆ ಹತ್ತೇ ಕೊಡ್ಲಿಕ್ಕೆ ಹೇಳು ಅವಳಿಗೆ, ಆ ಪೆಟ್ಟಿಗೆಗೆ ನಾನು ಎಷ್ಟು ಅಂಗಡಿ ಸುತ್ತಿದ್ದೇನೆ ಗೊತ್ತುಂಟಾ. ಬರ್ತದೆ, ಕರೆಂಟಿರ್ಲಿಲ್ಲ. ನೀನೆಲ್ಲಿದ್ದೀ, ಮನೆಯ ಗೋಡೆ ಹಸಿರಲ್ವಾ. ಮೂಸಾಗೆ ಶೀತ, ತೋರಿಸ್ಲಿಕ್ಕೆ ಬಂದದ್ದು. ಜೋರುಂಟಾ. ಇಲ್ಲ, ಸ್ವಲ್ಪ. ಅವನ ಮುಖ ತೋರಿಸು. ಮಲಗಿದ್ದಾನೆ, ಅಂದಳು, ಹಿಂದಿನಿಂದ ಮೂಸಾನ ಅಳು ಕೇಳಿಸದಿರಲೆಂದು ಹೆಬ್ಬೆರಳನ್ನು ಮೊಬೈಲಿನ ಕೆಳಗಿನ ಸಣ್ಣ ತೂತಿಗೆ ಒತ್ತಿ ಹಿಡಿದಳು, ತೂತು ಮುಚ್ಚಿದರೆ ಸದ್ದಿಲ್ಲ, ಅಸ್ಕರ್ ಏನೋ ಹೇಳುತ್ತಾ ನಗುತ್ತಿದ್ದಾರೆ, ಹಿಂದೆ ಕಬ್ಬಿಣದ ಮಂಚ, ಒಣಗಿಸಿದ ಬನಿಯನ್ನು, ಅಷ್ಟು ದೂರದಲ್ಲಿ ಇದನ್ನು ಕೇಳಿ ಆ ಮನುಷ್ಯ ಆ ಮಂಚದ ಮೇಲೆ ಕೂತು ಏನು ಮಾಡಬೇಕು, ಬೇಡ, ಎಲ್ಲ ಕಳೆದ ಮೇಲೆ ಹೇಳುವ, ಆಯ್ತು ಇಡ್ತೇನೆ, ಡಾಕ್ಟ್ರು ಕರೀತಾರೆ. ಪರದೆ ಕಪ್ಪಾದ ಮೇಲೆ ಅದರಲ್ಲಿ ಕಂಡದ್ದು ಪೈಲಟಿನ ಹಿಂದಿನ ಮುಖ.

ಮಂಗಳೂರಿಗೆ ಒಯ್ಯುವ ಕಾರು ಹೊರಟಿದೆಯಂತೆ, ಇನ್ನು ಬರಬೇಕು. ವರಾಂಡದ ಉದ್ದ ಬೆಂಚಿನಲ್ಲಿ ಮಾಮಿ, ಪಕ್ಕದಲ್ಲಿ ತಲೆ ಇಲ್ಲದ ಪೈಲಟನ್ನು ಹಿಡಿದುಕೊಂಡ ಹನಾ, ಅದನ್ನು ಯಾಕೆ ತಂದದ್ದೆಂದರೆ ಅವಳೊಬ್ಬಳನ್ನೇ ಬಿಟ್ಟು ಬರಲಿಕ್ಕಾಗುತ್ತದಾ ಎನ್ನುತ್ತಾಳೆ, ಅತ್ತು ಅತ್ತು ಸೋತ ಮೂಸಾ ರಾಫಿಯಾಳ ಮಡಿಲಲ್ಲಿ ಅರೆನಿದ್ದೆ, ಕುಂಯ್, ನಿಂತಿತೇ, ಇಲ್ಲ, ಕುಂಯ್. ಕಿಟಕಿಯಾಚೆ ಫ್ಲೈಓವರಿನ ಅಂಚಿನಲ್ಲಿ ಬಿಸಿಲು ಹಳದಿಯಾಗುತ್ತಿದೆ, ಇನ್ನು ಮಗ್ರಿಬಿನ ಬಾಂಗು, ಮನೆಯಲ್ಲಾಗಿದ್ದರೆ ಇದು ತಲೆ ತೆಗೆಯುವ ಹೊತ್ತು, ಟಿಕ್ ಟಿಕ್, ಇನ್ನು ಆ ಗೊಂಬೆಗಳ ಕಡೆ ಅವಳು ನೋಡಿಯಾಳೇ, ಎಲ್ಲವನ್ನೂ ನೇತ್ರಾವತಿಗೆ ಎಸೆದುಬಿಡುವ, ಮಾಮಿ ಮೊದಲೇ ಹೇಳಿದ್ದರಲ್ಲ ಬೇಡವೆಂದು, ಆದರೆ ಮಾಮಿ ಈಗ ನಾನು ಹೇಳಿರ್ಲಿಲ್ವಾ ಎಂದಿಲ್ಲ, ಕಣ್ಣು ಮುಚ್ಚಿ ತಸ್ಬಿ ಎಳೆಯುತ್ತಿದ್ದಾರೆ ಅಷ್ಟೆ, ನಡುವೆ ಒಮ್ಮೆ ಮಾತ್ರ ನಿಲ್ಲಿಸಿ, ಮುಚ್ಚಳ ಕೆಳಗೆ ಬಿಟ್ಟದ್ದು ನಾನು ಮಗಳೇ, ಅಂದಿದ್ದರು, ರಾಫಿಯಾ ಅವರ ಮೊಣಕಾಲ ಮೇಲೆ ಕೈಯಿಟ್ಟಿದ್ದಳು. ಗಾಳಿಗೆ ತಲೆವಸ್ತ್ರ ಜಾರಿದೆ, ತಸ್ಬಿಯ ಕೈ ಹೊರಗೆ ಕಾಣುತ್ತಿದೆ, ನಲವತ್ತು ವರ್ಷ ಬೀಡಿ ಸುರುಟಿದ ಕೈ, ಹೆಬ್ಬೆರಳ ತುದಿ ದಪ್ಪಗಟ್ಟಿ ಚರ್ಮವೇ ಉಗುರಿನಂತಾಗಿದೆ, ಬಿಸಿ ಚಾದ ಲೋಟ ಹಿಡಿದರೂ ಅದಕ್ಕೆ ತಿಳಿಯುವುದಿಲ್ಲ, ಉಮ್ರಾ ಯಾತ್ರೆಗೆ ಹೋದಾಗ ಅಸ್ಕರ್ ತಂದ ಹಳದಿ ಮಣಿಗಳು, ಉರುಟಲ್ಲ, ಸಣ್ಣ ಡ್ರಮ್ಮಿನ ಆಕಾರ, ಹೆಬ್ಬೆರಳು ಒಂದೊಂದನ್ನೇ ತನ್ನ ಕಡೆಗೆ ಎಳೆಯುತ್ತದೆ, ಹಳದಿ, ಹಳದಿ, ಹಳದಿ, ನೋಡುತ್ತಿದ್ದರೆ ಕಣ್ಣಿಗೆ ಸ್ವಲ್ಪ ಸಮಾಧಾನ, ಮೂಸಾನ ಉಸಿರಿಗೆ ಸರಿಯಾಗಿ ಒಂದೊಂದು, ಸುಬ್ಹಾನಲ್ಲಾಹ್, ಹಳದಿ, ಸುಬ್ಹಾನಲ್ಲಾಹ್, ಹಳದಿ, ಕುಚ್ಚು ಬರಬೇಕಾದಲ್ಲಿ ಮಾಮಿಯ ಹುಬ್ಬು ಗಂಟಾಯಿತು, ನೋಡು, ಪುನಃ ಒಂದು ಹೆಚ್ಚು, ಎಂದು ಗೊಣಗಿದರು, ಹೆಬ್ಬೆರಳು ಆ ಹೆಚ್ಚಿನ ಒಂದನ್ನು ಎಳೆಯಿತು, ಅದು ಎಳೆದ ರಭಸಕ್ಕೆ ನೂಲಿನ ಮೇಲೆ ತಿರುಗಿತು, ತಿರುಗಿ ನೋಡಿತು. ಮಣಿ ನೋಡುವುದಿಲ್ಲ. ಕಣ್ಣಿದ್ದದ್ದು ನೋಡುತ್ತದೆ. ಎರಡು ಕರಿ ಚುಕ್ಕೆ, ಹಣೆಯ ಮೇಲೆ ಬೆವರಿನ ನೀಲಿ ಹನಿ, ತೆರೆದ ಬಾಯಿ — ಅಲ್ಲಿ ಒಂದು ಕಡಿಮೆ, ಇಲ್ಲಿ ಒಂದು ಹೆಚ್ಚು, ಇಡೀ ದಿನ ಮಾಮಿ ಹೇಳುತ್ತಲೇ ಇದ್ದರು, ಇಡೀ ದಿನ — ಅವಳಿಗೆ ಕೂಗಬೇಕು, ಮಗುವಿನೊಳಗೆ ಇಲ್ಲ, ಶೀತ, ಬರೀ ಶೀತ, ಕೊಳವೆ ಬೇಡ, ಮಲಗಿಸುವುದು ಬೇಡ, ಹಾಲು ಕೊಡಬಹುದು, ಅವಳ ಕೈ ಆಗಲೇ ಬುರ್ಖಾದ ಗುಂಡಿ ಕೀಳುತ್ತಿದೆ, ಇನ್ನೊಂದು ಕೈ ಮಾಮಿಯ ಹೆಬ್ಬೆರಳನ್ನು ಹಿಡಿದು ಅಲ್ಲಿಯೇ ನಿಲ್ಲಿಸಿದೆ, ಯಾಕೆ ಮಗಳೇ, ಬಿಡು, ಎಣಿಕೆ ತಪ್ತದೆ ಎನ್ನುತ್ತಿದ್ದಾರೆ ಮಾಮಿ ಕಣ್ಣು ಮುಚ್ಚಿಕೊಂಡೇ, ಮೂಸಾನ ತಾಯಿ ಯಾರು, ಕಾರು ಬಂತು, ಎಂದು ನರ್ಸು ಬಾಗಿಲಿನಿಂದ ಕರೆಯುತ್ತಿದ್ದಾಳೆ, ಬೇಡ, ಬೇಡ, ಎಂದು ರಾಫಿಯಾ ತಲೆಯಾಡಿಸುತ್ತಿದ್ದಾಳೆ, ಡಾಕ್ಟ್ರಿಗೆ ಹೇಳುವುದು ಸುಲಭ, ಮಾಮಿಗೆ ಹೇಗೆ ಹೇಳುವುದು, ಮುಖ ಬೇಡ ಮುಖ ಬೇಡ ಎಂದವರು ಬೆಳಗಿನಿಂದ ಪ್ರತಿ ಸುತ್ತಿನ ಕೊನೆಗೆ ಹೆಬ್ಬೆರಳಿನಿಂದ ಸವರಿದ್ದು ಯಾವ ಮುಖವನ್ನೆಂದು, ಹೇಳದಿದ್ದರೆ, ಮನೆಗೆ ಹೋಗಿ ಸುಮ್ಮನೆ ಬಿಚ್ಚಿ ತೆಗೆದರೆ, ಆದರೆ ಅಲ್ಲಿಯವರೆಗೆ ಹೆಬ್ಬೆರಳು ನಿಲ್ಲುತ್ತದೆಯೇ, ಮಾಮಿ ಕೈ ಬಿಡಿಸಿಕೊಳ್ಳಲು ಎಳೆಯುತ್ತಿದ್ದಾರೆ, ಮೂಸಾ ಹಾಲಿಗೆ ಬಾಯಿ ಹಾಕಿದ, ಗುಟುಕು, ಉಸಿರು, ಗುಟುಕು, ಇಬ್ಬರ ಬೆರಳುಗಳ ನಡುವೆ ಅದು, ಹಳದಿ, ಬಾಯಿ ತೆರೆದು, ಉಸಿರಿಗೆಂದು ಬಿಟ್ಟ ನೆತ್ತಿಯ ತೂತಿನಿಂದ ಕೆಂಪು ನೂಲು ಹೊರಬಂದು ಕುಚ್ಚಿಗೆ ಹೋಗಿತ್ತು, ತೂತು, ನೂಲು, ಕೆಂಪು ನೂಲು